ಸಹಾಯ ಬೇಕು: ಹಳೆ ಸ್ಪೋರ್ಟ್ಸ್ ಕಾರಿನ ಹೆಡ್‌ಲೈಟಿಗೆ ಮನೆಯಲ್ಲೇ ರಿಲೇ ಹಾಕಬೇಕು

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ನನ್ನ ಹತ್ತಿರ ಎರಡು ಸೀಟಿನ ಹಳೆ ಸ್ಪೋರ್ಟ್ಸ್ ಕಾರಿದೆ, ಫೈಬರ್ ಬಾಡಿ. ಎಂಜಿನ್ ಚೆನ್ನಾಗಿದೆ, ಹೆಡ್‌ಲೈಟ್ ಮಾತ್ರ ಚಿಮಣಿ ಬುಡ್ಡಿಯ ಹಾಗೆ. ಹೋದ ವಾರ ಶಿರಸಿಯಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ಮಳೆ, ಮಂಜು ಸೇರಿ ತಿರುವೇ ಕಾಣಲಿಲ್ಲ. ಪಕ್ಕದಲ್ಲಿ ಅಮ್ಮ ಇದ್ದರು. ನಿಜಕ್ಕೂ ಹೆದರಿಕೆಯಾಯಿತು.

ಮಲ್ಟಿಮೀಟರ್ ಹಿಡಿದು ನೋಡಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ ಬರೀ 11.4. ಉಳಿದದ್ದು ಹಳೆ ಸ್ವಿಚ್ಚು, ಸಣ್ಣ ವೈರು, ಉಪ್ಪುಗಾಳಿಗೆ ಹಸಿರುಗಟ್ಟಿದ ಟರ್ಮಿನಲ್‌ಗಳಲ್ಲೇ ಹೋಗುತ್ತಿದೆ.

ಅಂಗಡಿಯಲ್ಲಿ ಎಲ್‌ಇಡಿ ಬಲ್ಬ್ ಹಾಕಿ ಅಂದರು. ಫಿಲಮೆಂಟ್ ಬಲ್ಬಿಗೆ ಮಾಡಿದ ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣು ಕುಕ್ಕುತ್ತದೆ. ಘಟ್ಟದಲ್ಲಿ ಅದು ತಪ್ಪು. 100/90 ವ್ಯಾಟ್ ಬಲ್ಬ್ (ಹೈ ಬೀಮಿಗೆ 100, ಲೋ ಬೀಮಿಗೆ 90) ಕೂಡ ಬೇಡ, ಜಾಸ್ತಿ ಬಿಸಿಗೆ ಹೋಲ್ಡರ್ ಕರಗಬಹುದು. ಎಚ್4 60/55 ಬಲ್ಬನ್ನೇ ಇಟ್ಟು, ಲೋ ಬೀಮಿಗೊಂದು, ಹೈ ಬೀಮಿಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಹಾಕಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ವೈರು ಎಳೆಯುವ ಯೋಚನೆ. ಎರಡು ಬಲ್ಬಿಗೆ ಸುಮಾರು 10 ಆಂಪಿಯರ್. 15 ಆಂಪಿಯರ್ ಫ್ಯೂಸ್, 2.5 ಚದರ ಮಿಮೀ ವೈರು ತಂದಿಟ್ಟಿದ್ದೇನೆ.

ಈಗ ಸಿಕ್ಕಿಬಿದ್ದಿರುವುದು ಅರ್ಥಿಂಗ್‌ನಲ್ಲಿ, ಅಂದರೆ ಕರೆಂಟು ಬಲ್ಬಿನಿಂದ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿಯಲ್ಲಿ. ಫೈಬರ್ ಬಾಡಿಯಲ್ಲಿ ಅರ್ಥ್ ಸಿಗುವುದಿಲ್ಲ ಅಲ್ವಾ? ಚಾಸಿಗೆ (ಬಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ಬೋಲ್ಟ್ ಮಾಡಿದರೆ ಸಾಕೇ, ಸೀದಾ ಬ್ಯಾಟರಿ ನೆಗೆಟಿವ್‌ವರೆಗೆ ಎಳೆಯಬೇಕೇ? ಚಾಸಿಯೂ ತುಕ್ಕು ಹಿಡಿದಿದೆ, ಅದಕ್ಕೇ ಅನುಮಾನ. ಇನ್ನೊಂದು, ನಮ್ಮ ಅಂಗಳ ಇಳಿಜಾರು. ಗೋಡೆಗೆ ಬೆಳಕು ಬಿಟ್ಟು ಬೀಮ್ ಸರಿ ಮಾಡುವುದು ಹೇಗೆ?

ಅಂಕೋಲಾ, ಕುಮಟಾ ಕಡೆ ಯಾರಾದರೂ ಈ ಕೆಲಸ ಮಾಡಿದ್ದರೆ ದಯವಿಟ್ಟು ವೈರಿಂಗ್ ಫೋಟೋ ಹಾಕಿ. ಭಾನುವಾರ ಕೆಲಸ ಶುರು ಮಾಡುತ್ತೇನೆ.