ಉಪ್ಪಿನಂಶ 1.026 ಇದ್ದರೂ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಕಡಿಮೆ, ಮಾಂಟಿಪೋರಾ ಹವಳ ಬಿಳಚುತ್ತಿದೆ

ನೀಲಿತೊಟ್ಟಿ:
ದುಬೈ. ಹವಳ ಸಾಕುವ ಉಪ್ಪುನೀರಿನ ತೊಟ್ಟಿ 240 ಲೀಟರ್, ಬಂಡೆ ಕಳೆದರೆ ನೀರು ಸುಮಾರು 200 ಲೀಟರ್. ಮೂರು ವಾರದ ಹಿಂದೆ ಹೊಸ ಎಲ್‌ಇಡಿ ಹಾಕಿದೆ, ಶೇಕಡಾ 80ರಲ್ಲಿ, ದಿನಕ್ಕೆ 12 ಗಂಟೆ. ಮಾಂಟಿಪೋರಾದ ಮೇಲ್ಮೈ ಬೆಳ್ಳಗಾಗಿದೆ, ಯೂಫಿಲಿಯಾ ಹವಳ ಹಗಲಿಡೀ ಮುದುಡಿಕೊಂಡಿರುತ್ತದೆ.

ಅಳತೆ: ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಂದ್ರತೆ 1.026 (ಅಂದರೆ ಉಪ್ಪು ಸುಮಾರು 35 ಪಿಪಿಟಿ, ಸಾವಿರಕ್ಕೆ 35 ಭಾಗ), ಪಿಪಿಎಂನಲ್ಲಿ (ಹತ್ತು ಲಕ್ಷಕ್ಕೆ ಎಷ್ಟು ಭಾಗ) ಕ್ಯಾಲ್ಸಿಯಂ 370, ಮೆಗ್ನೀಷಿಯಂ 1130, ನೈಟ್ರೇಟ್ 0, ಫಾಸ್ಫೇಟ್ 0.00 (ಅದನ್ನು ಹೀರುವ ಜಿಎಫ್‌ಓ ಓಡುತ್ತಿದೆ). ಆಲ್ಕಲಿನಿಟಿ (ಆಮ್ಲ ತಡೆಯುವ ನೀರಿನ ಶಕ್ತಿ, ಡಿಕೆಎಚ್ ಅದರ ಮಾನ) ಬೆಳಗ್ಗೆ 7.8 ಡಿಕೆಎಚ್. ರಾತ್ರಿ ಒಂದೇ ಸಲ 9 ಗ್ರಾಂ ಅಡುಗೆ ಸೋಡಾ ಹಾಕಿದ ಮೇಲೆ 9.3. ಕ್ಯಾಲ್ಸಿಯಂ ಕ್ಲೋರೈಡ್ ದಿನಕ್ಕೆ 8 ಗ್ರಾಂ. ದಿನಕ್ಕೆ 4 ಲೀಟರ್ ನೀರು ಆವಿಯಾಗುತ್ತದೆ. ಮೆಗ್ನೀಷಿಯಂ ಕ್ಲೋರೈಡ್ ತಂದಿಟ್ಟಿದ್ದೇನೆ, ಎಷ್ಟು ಹಾಕಲಿ?

ಉಪ್ಪುನೀರು:
ಹೆಕ್ಸಾಹೈಡ್ರೇಟ್ (ಹರಳಿನಲ್ಲೇ ನೀರು ಸೇರಿರುವ ಬಗೆ) ಆದರೆ 200 ಲೀಟರ್ ನೀರಿನಲ್ಲಿ 100 ಪಿಪಿಎಂ ಏರಿಸಲು 167 ಗ್ರಾಂ ಬೇಕು. 1280ಕ್ಕೆ ತರಲು 250 ಗ್ರಾಂ. ಎರಡು ಮೂರು ದಿನಕ್ಕೆ ಹಂಚಿ ಹಾಕಿ.

ಹವಳದಿಬ್ಬ:
ಲೆಕ್ಕ ಸರಿಯಿದೆ, ಆದರೆ ಈಗಲೇ ಹಾಕಬೇಡಿ. ಸಮುದ್ರದ ನೀರಿನಲ್ಲಿ ಉಪ್ಪು 35 ಪಿಪಿಟಿ ಇದ್ದಾಗ ಕ್ಯಾಲ್ಸಿಯಂ ಸುಮಾರು 420, ಮೆಗ್ನೀಷಿಯಂ 1280. ನಿಮ್ಮ 370ನ್ನು 420ರಿಂದ ಭಾಗಿಸಿ ನೋಡಿ, 0.88. 1130ನ್ನು 1280ರಿಂದ ಭಾಗಿಸಿದರೂ 0.88. ಹವಳ ಎಲುಬು ಕಟ್ಟಲು ಕ್ಯಾಲ್ಸಿಯಂ ಬಹಳ ಬಳಸುತ್ತದೆ, ಮೆಗ್ನೀಷಿಯಂ ತೀರಾ ಸ್ವಲ್ಪ. ಬಳಕೆಯಿಂದ ಕಡಿಮೆಯಾಗಿದ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತಲೇ ಇರಲಿಲ್ಲ. ಒಟ್ಟು ನೀರೇ ತೆಳುವಾಗಿದೆ: 35 × 0.88, ಅಂದರೆ 31 ಪಿಪಿಟಿ ಆಸುಪಾಸು.

ಅನುಮಾನ ರಿಫ್ರಾಕ್ಟೋಮೀಟರ್ ಮೇಲೆ. ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸೊನ್ನೆಯ ಹತ್ತಿರ ಸರಿ ತೋರಿಸುತ್ತದೆ, 35ರ ಹತ್ತಿರ ಸರಿ ಇರುತ್ತದೆಂಬ ಖಾತ್ರಿಯಿಲ್ಲ. ಅಗ್ಗದವು ಹಲವು ಸಮುದ್ರದ ನೀರಿಗಲ್ಲ, ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಗೆರೆ ಹಾಕಿದವು. ಅಂಥವು 35ನ್ನು 36.5 ಎಂದು ತೋರಿಸುತ್ತವೆ. ಹೀಗೆ ಪರೀಕ್ಷಿಸಿ: ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ, ಆರ್‌ಓ/ಡಿಐ (ಅಯಾನುಗಳನ್ನೂ ತೆಗೆದ ಶುದ್ಧ) ನೀರು 963.5 ಗ್ರಾಂ, ಎರಡನ್ನೂ ತಕ್ಕಡಿಯಲ್ಲೇ ತೂಗಿ ಕರಗಿಸಿ. ಇದು 35ರ ಸಮುದ್ರದ ನೀರಿನಷ್ಟೇ ಬೆಳಕನ್ನು ಬಾಗಿಸುತ್ತದೆ. ಒಂದು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು, ತಿರುಪನ್ನು 35ಕ್ಕೆ ಕೂರಿಸಿ. ಆಮೇಲೆ ತೊಟ್ಟಿಯ ನೀರು ನೋಡಿ.

ನೀಲಿತೊಟ್ಟಿ:
ಆ ದ್ರಾವಣಕ್ಕೆ 39 ತೋರಿಸಿತು! ತಿರುಪು ಸರಿಮಾಡಿದ ಮೇಲೆ ತೊಟ್ಟಿ 31. ಉಪ್ಪನ್ನು ನೇರವಾಗಿ ಹಾಕಬಹುದಾ? ಹವಳ ಬಿಳಚಿದ್ದೂ ಇದರಿಂದಲೇ?

ಹವಳದಿಬ್ಬ:
ನೇರವಾಗಿ ಖಂಡಿತ ಬೇಡ. ಕರಗದ ಹರಳು ಹವಳದ ಮೇಲೆ ಬಿದ್ದಲ್ಲಿ ಸುಡುತ್ತದೆ. ಆವಿಯಾಗುವ 4 ಲೀಟರಿಗೆ ಬದಲಾಗಿ ಸಿಹಿನೀರಿನ ಬದಲು 35ರ ಉಪ್ಪುನೀರು ತುಂಬಿಸಿ. ದಿನಕ್ಕೆ 140 ಗ್ರಾಂ ಉಪ್ಪು ಒಳಗೆ ಹೋಗುತ್ತದೆ, ಅಂದರೆ 0.7 ಪಿಪಿಟಿ ಏರಿಕೆ. ಆರು ದಿನದಲ್ಲಿ 35. ಮುಟ್ಟಿದ ದಿನವೇ ಸಿಹಿನೀರಿಗೆ ಮರಳಿ, ಮರೆತರೆ ಮೇಲೆ ಹೋಗುತ್ತಲೇ ಇರುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚುಕಮ್ಮಿ ತಾವಾಗಿಯೇ ಸರಿಯಾಗುತ್ತವೆ. ಮೊದಲೇ 250 ಗ್ರಾಂ ಸುರಿದಿದ್ದರೆ ಮೆಗ್ನೀಷಿಯಂ 1430ರ ಸುತ್ತ ಹೋಗುತ್ತಿತ್ತು.

ಬಿಳಚಿದ್ದು ಬೇರೆ ಕಥೆ. ಎಲ್ಲಿಂದ ಶುರುವಾಗಿದೆ ಎಂಬುದೇ ಮುಖ್ಯ. ಬೆಳಕಿಗೆ ಮುಖಮಾಡಿದ ಕಡೆ ಬಿಳಿ, ನೆರಳಿನ ಅಡಿಭಾಗ ಕಂದು ಹಾಗೇ ಇದ್ದರೆ ಅದು ದೀಪದ ಏಟು. ಬುಡದಿಂದ ಚರ್ಮ ಕಳಚುತ್ತಾ ಮೇಲೇರಿದರೆ ಆಲ್ಕಲಿನಿಟಿಯ ಏರಿಳಿತವನ್ನು ಮೊದಲು ಅನುಮಾನಿಸಬೇಕು. ನಿಮ್ಮದು ಮೊದಲನೆಯದು. ಶೇಕಡಾ 40ಕ್ಕೆ ಇಳಿಸಿ, 8 ಗಂಟೆ ಸಾಕು, ವಾರಕ್ಕೆ ಶೇಕಡಾ 5ರಂತೆ ಏರಿಸಿ. ಪಾರ್ ಮೀಟರ್ (ಪಾಚಿ ಬಳಸುವ ಬೆಳಕನ್ನು ಅಳೆಯುವ ಸಾಧನ) ಬಾಡಿಗೆಗೆ ಸಿಕ್ಕರೆ ಮಾಂಟಿಪೋರಾ ಇರುವಲ್ಲಿ 200–250, ಯೂಫಿಲಿಯಾಕ್ಕೆ 80–150 ಇರಲಿ. ಫೋನಿನ ಲಕ್ಸ್ ಆ್ಯಪ್ ನೀಲಿ ಬೆಳಕಿಗೆ ನಂಬಿಕೆಗೆ ಅರ್ಹವಲ್ಲ.

ಉಪ್ಪುನೀರು:
ಒಪ್ಪಿದೆ, ಪ್ರಮಾಣ ನಾನು ಗಮನಿಸಿರಲಿಲ್ಲ. ಆದರೆ ಫಾಸ್ಫೇಟ್ ಸೊನ್ನೆಯನ್ನು ಬಿಡಬೇಡಿ. ಹವಳದೊಳಗಿನ ಪಾಚಿಗೆ ಸಾರಜನಕ, ರಂಜಕ ಬೇಕೇ ಬೇಕು. ಅವಿಲ್ಲದೆ ಜೋರು ಬೆಳಕು ಬಿದ್ದರೆ ಬೇಗ ಬಿಳಚುತ್ತದೆ. ಜಿಎಫ್‌ಓ ತೆಗೆದುಬಿಡಿ, ಮೀನಿಗೆ ಊಟ ಸ್ವಲ್ಪ ಹೆಚ್ಚಿಸಿ. ನೈಟ್ರೇಟ್ 5, ಫಾಸ್ಫೇಟ್ 0.05 ಸುತ್ತ ನಿಂತರೆ ಸಾಕು. ಸೋಡಾ 9 ಗ್ರಾಮನ್ನು ಮೂರು ಗ್ರಾಂನಂತೆ ಮೂರು ಹೊತ್ತು ಮಾಡಿ (200 ಲೀಟರಿಗೆ 6 ಗ್ರಾಂ ಒಂದು ಡಿಕೆಎಚ್ ಏರಿಸುತ್ತದೆ). ಕ್ಯಾಲ್ಸಿಯಂಗೂ ಸೋಡಾಕ್ಕೂ ನಡುವೆ ಅರ್ಧ ಗಂಟೆಯಾದರೂ ಬಿಡಿ, ಇಲ್ಲವಾದರೆ ಬಿಳಿ ಪುಡಿಯಾಗಿ ಇಳಿದು ಹೀಟರ್, ಪಂಪಿಗೆ ಹತ್ತುತ್ತದೆ.

ಭಾರತದಲ್ಲಿ ಓದುತ್ತಿರುವವರಿಗೆ: ದಿಬ್ಬ ಕಟ್ಟುವ ಹವಳಗಳು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿವೆ. ನೇತ್ರಾಣಿ ದ್ವೀಪದ ಹತ್ತಿರದಿಂದ ತುಂಡು ಮುರಿದು ತರುವ ಯೋಚನೆಯೇ ಬೇಡ.

ನೀಲಿತೊಟ್ಟಿ:
ಎಂಟನೇ ದಿನ: ಉಪ್ಪು 35, ಕ್ಯಾಲ್ಸಿಯಂ 415, ಮೆಗ್ನೀಷಿಯಂ 1270, ಆಲ್ಕಲಿನಿಟಿ ಬೆಳಗ್ಗೆ 8.2, ರಾತ್ರಿ 8.6. ಯೂಫಿಲಿಯಾ ಬಿಚ್ಚಿಕೊಂಡಿದೆ. ಮಾಂಟಿಪೋರಾ ಇನ್ನೂ ಬಿಳಿ.

ಹವಳದಿಬ್ಬ:
ಬಣ್ಣಕ್ಕೆ ವಾರಗಟ್ಟಲೆ ಬೇಕು. ರಾತ್ರಿ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ: ಬಿಳಿ ಜಾಗದಲ್ಲಿ ಹವಳದ ಪುಟ್ಟ ಜೀವಿಗಳಾದ ಪಾಲಿಪ್‌ಗಳು ಕಂಡರೆ ಅಲ್ಲಿ ಜೀವವಿದೆ, ಮುಟ್ಟದೆ ಬಿಡಿ. ಹಸಿರು ಪಾಚಿ ಹತ್ತಿದ ಭಾಗ ಮರಳದು. ಅದನ್ನು ಮಾತ್ರ ಕಟ್ಟರ್‌ನಿಂದ ಕತ್ತರಿಸಿ ತೆಗೆಯಿರಿ.