ವಿಪತ್ತಿನ ಹೊತ್ತಿನ ಕಳ್ಳತನಕ್ಕೆ ಇಮ್ಮಡಿ ಶಿಕ್ಷೆ ಬೇಕೇ?

ಪ್ರಶ್ನೆ (ಗೌರಿಬಿದನೂರು):
2021ರ ನವೆಂಬರ್ ಮಳೆಗೆ ನಮ್ಮೂರ ಕೆರೆ ಕೋಡಿ ಹರಿದು ಓಣಿಗೆ ನೀರು ನುಗ್ಗಿದಾಗ ನಾಲ್ಕು ಮನೆಯವರು ಶಾಲೆಯ ಕೊಠಡಿಯಲ್ಲಿ ಎರಡು ರಾತ್ರಿ ಕಳೆದೆವು. ಮೂರನೆಯ ದಿನ ತೋಟಕ್ಕೆ ಹೋದರೆ ಬೋರ್‌ವೆಲ್‌ನ ಕೇಬಲ್ ಇರಲಿಲ್ಲ. ತಾಮ್ರ ಸುಲಿದುಕೊಂಡು ಎಸೆದಿದ್ದ ಕಪ್ಪು ಸಿಪ್ಪೆ ಮಾತ್ರ ಬದುವಿನ ಮೇಲೆ ಬಿದ್ದಿತ್ತು. ಠಾಣೆಗೆ ಹೋದರೆ ನೀರು ಇಳಿದ ಮೇಲೆ ಬನ್ನಿ ಎಂದು ಕಳುಹಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಘೋಷಿತ ತುರ್ತು ಪರಿಸ್ಥಿತಿಯ ಲೂಟಿಯನ್ನು ಪ್ರತ್ಯೇಕ ಅಪರಾಧವಾಗಿಯೇ ಪರಿಗಣಿಸುತ್ತಾರೆ. ನಮ್ಮಲ್ಲಿಯೂ ಶಿಕ್ಷೆಯನ್ನು ಇಮ್ಮಡಿಗೊಳಿಸಬಾರದೇಕೆ?

ಉತ್ತರ (ವಕೀಲ, ಕೋಲಾರ):
ಸರ್, ನಮ್ಮಲ್ಲಿಯೂ ಅಂಥ ಒಂದು ಮಾದರಿ ಇದೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಂತೆ, ಸಾಂಕ್ರಾಮಿಕದ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ 3 ತಿಂಗಳಿಂದ 5 ವರ್ಷ, ತೀವ್ರ ಗಾಯವಾದರೆ 7 ವರ್ಷದವರೆಗೆ ಜೈಲು. ತನಿಖೆ 30 ದಿನದೊಳಗೆ ಮುಗಿಯಬೇಕು ಎಂಬ ಮಾತೂ ಅಲ್ಲಿದೆ. ನನ್ನ ಮಟ್ಟಿಗೆ ಕಾಯ್ದೆಯ ಜೀವಾಳ ಅದೇ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕಥೆ ಬೇರೆ. ಪರಿಹಾರ ಸಾಮಗ್ರಿಯನ್ನು ನುಂಗಿದವನಿಗೆ ಕಲಂ 53ರಡಿ ಗರಿಷ್ಠ 2 ವರ್ಷ ಮಾತ್ರ. ಅದೇ ಕೆಲಸವನ್ನು ಸರ್ಕಾರಿ ನೌಕರ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ (ಐಪಿಸಿಯ ಜಾಗಕ್ಕೆ ಬಂದ ಅಪರಾಧ ಕಾನೂನು) ಕಲಂ 316(5)ರಡಿ ಶಿಕ್ಷೆ 10 ವರ್ಷ ಅಥವಾ ಜೀವಾವಧಿಯವರೆಗೂ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕಲಂ 60: ಸರ್ಕಾರವೋ ವಿಪತ್ತು ನಿರ್ವಹಣಾ ಪ್ರಾಧಿಕಾರವೋ ದೂರು ಕೊಡದ ಹೊರತು, ಸಾಮಾನ್ಯ ವ್ಯಕ್ತಿ 30 ದಿನಗಳ ಮುಂಚಿತ ನೋಟಿಸ್ ಕೊಟ್ಟ ಮೇಲೆಯೇ ನ್ಯಾಯಾಲಯದ ಮೆಟ್ಟಿಲೇರಬಹುದು. ದೂರಿನ ದಾರಿಯೇ ಇಷ್ಟು ಇಕ್ಕಟ್ಟಾಗಿರುವಾಗ ಶಿಕ್ಷೆಯ ವರ್ಷ ಏರಿಸಿ ಏನು ಪ್ರಯೋಜನ? ಇನ್ನು, ಸಂವಿಧಾನದ 20(1)ನೇ ವಿಧಿಯಿಂದಾಗಿ ಮುಂದೆ ಬರುವ ಹೆಚ್ಚಿನ ಶಿಕ್ಷೆ ನಿಮ್ಮ 2021ರ ಪ್ರಕರಣಕ್ಕೆ ಅನ್ವಯಿಸುವುದಿಲ್ಲ.

ಉತ್ತರ (ಶಿರಾ, ತುಮಕೂರು ಜಿಲ್ಲೆ):
ಘೋಷಣೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಆಗುವ ತೊಂದರೆಯನ್ನು ಬರದ ನಾಡಿನವರಾದ ನಾವು ಬಲ್ಲೆವು. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಆಗ ನಡೆದ ಪ್ರತಿಯೊಂದು ಕಳ್ಳತನಕ್ಕೂ ಇಮ್ಮಡಿ ಶಿಕ್ಷೆ ಎಂದರೆ, ಸಂತೆಯಲ್ಲಿ ಜೇಬು ಕತ್ತರಿಸಿದವನೂ ಮೇವಿನ ಬ್ಯಾಂಕಿನ ಹುಲ್ಲು ಮಾರಿಕೊಂಡವನೂ ಒಂದೇ ತಕ್ಕಡಿಗೆ ಬರುತ್ತಾರೆ. ವಿಪತ್ತಿನಿಂದ ಉಂಟಾದ ನಿಸ್ಸಹಾಯಕತೆಯನ್ನೇ ಬಳಸಿಕೊಂಡದ್ದು ಸಾಬೀತಾದರೆ ಮಾತ್ರ ಶಿಕ್ಷೆ ಹೆಚ್ಚಾಗಲಿ.

ಪ್ರಶ್ನೆ ಕೇಳಿದವರು:
ಆ ಗೆರೆಯನ್ನು ಒಪ್ಪುತ್ತೇನೆ. ಆದರೆ ಶಾಲೆಯಲ್ಲಿ ಮಲಗಿದ್ದವರು ದೂರನ್ನು ಎಲ್ಲಿ ಕೊಡಬೇಕಿತ್ತು?

ಉತ್ತರ (ವಕೀಲ, ಕೋಲಾರ):
2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ದೂರು, ತನಿಖೆ, ವಿಚಾರಣೆಯ ವಿಧಾನ ಹೇಳುವ ಕಾನೂನು) ಕಲಂ 173ರಂತೆ, ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಗಾದರೂ ಮಾಹಿತಿ ಕೊಡಬಹುದು. ಇಲೆಕ್ಟ್ರಾನಿಕ್ ರೂಪದಲ್ಲಿ ಕಳುಹಿಸಿ 3 ದಿನದೊಳಗೆ ಸಹಿ ಹಾಕಿದರೂ ದಾಖಲಿಸಿಕೊಳ್ಳಬೇಕು. ಮುಂದಿನ ಮಳೆಗಾಲದೊಳಗೆ ಇದನ್ನು ನಿಮ್ಮ ಗ್ರಾಮಸಭೆಯಲ್ಲಿ ಓದಿ ಹೇಳಿ.