ಇಲಿಯ ಸಯಾಟಿಕ್ ನರ: ದಾರ ಕಟ್ಟುವುದೋ, ಕೊಳವೆ ಹಾಕುವುದೋ?

ಬದಿಯಡ್ಕದಿಂದ ಪ್ರಶ್ನೆ:
ಮಣಿಕಟ್ಟಿನಲ್ಲಿ ನರ ಹಿಂಡುವ ಕಾರ್ಪಲ್ ಟನಲ್ ಕಾಯಿಲೆಯಂಥ ನಿಧಾನದ ಒತ್ತಡ, ಪ್ರಯೋಗಕ್ಕಾಗಿ, ಇಲಿಯ ಹಿಂಗಾಲಿನ ದಪ್ಪ ನರವಾದ ಸಯಾಟಿಕ್ ಮೇಲೆ ಬೇಕು. ಬೆನೆಟ್–ಶೀ ಅವರ 1988ರ, ನರಕ್ಕೆ ದಾರ ಕಟ್ಟುವ ವಿಧಾನ ಸಾಕೇ? ಸಿಲಿಕೋನ್ ಕೊಳವೆ ಹಾಕಿ ನೋಡಿದೆವು, ಮರುದಿನವೇ ಇಲಿ ಕಾಲೆಳೆಯುತ್ತಿದೆ.

ಮಂಜೇಶ್ವರದಿಂದ ಉತ್ತರ:
ದಾರ ಬೇಡ ಮಾರಾಯ್ರೆ. ಕರುಳಿನಿಂದ ಮಾಡಿದ ಹೊಲಿಗೆ ದಾರ, ಕ್ರೋಮಿಕ್ ಗಟ್‌ನ ನಾಲ್ಕು ಸಡಿಲ ಗಂಟು ನೋವಿನ ಅಧ್ಯಯನಕ್ಕೆ ಸರಿ. ಆ ದಾರವೇ ಉರಿಯೂತ ತರುತ್ತದೆ, ನರ ಬಾತು ಗಂಟಿನೊಳಗೆ ಬಿಗಿದುಕೊಳ್ಳುತ್ತದೆ, ದಪ್ಪ ತಂತುಗಳು ದಿನಗಳಲ್ಲೇ ಹಾಳು. ಕಾರ್ಪಲ್ ಟನಲ್ ಹಾಗೆ ಬರುವುದಿಲ್ಲ.

ಕೊಳವೆ 1 ಸೆಂ.ಮೀ. ಉದ್ದ, ಒಳವ್ಯಾಸ 1.3 ಮಿ.ಮೀ. ಉದ್ದಕ್ಕೆ ಸೀಳಿ, ನರ ಕವಲೊಡೆಯುವುದಕ್ಕಿಂತ ಮೇಲೆ ತೊಡಿಸಿ. ಹಾಕಿದ ದಿನ ಅದು ನರದ ಮೇಲೆ ಆಚೀಚೆ ಜಾರಬೇಕು. ಬಿಗಿತ ವಾರಗಳಲ್ಲಿ ತಾನಾಗಿ ಬರಲಿ. ಮರುದಿನವೇ ಕಾಲು ಬಿತ್ತೆಂದರೆ ಕೊಳವೆ ಕಿರಿದು, ಇಲ್ಲವೇ ಚಿಮಟದಲ್ಲಿ ನರ ಎಳೆದಿದ್ದೀರಿ. ಆ ಇಲಿಯನ್ನು ಲೆಕ್ಕದಿಂದ ಬಿಡಿ.

ಕುಂಬಳೆ:
ಇಲಿಯ ತೂಕವೂ ನೋಡಿ. ದೊಡ್ಡ ಇಲಿಯ ನರ ದಪ್ಪ, ಅದೇ ಕೊಳವೆ ಮೊದಲ ದಿನವೇ ಹಿಂಡುತ್ತದೆ. ನರವನ್ನು ಬಿಡಿಸಿ ಕೊಳವೆ ಹಾಕದೆ ಹೊಲಿದ ಇಲಿಗಳ ಗುಂಪು ಹೋಲಿಕೆಗೆ ಬೇಕೇ ಬೇಕು.

ನರವೇಗ, ಅಂದರೆ ನರದಲ್ಲಿ ಸಂಕೇತ ಓಡುವ ವೇಗ, ಅಳೆಯುವಾಗ ಕಾಲು ಬಿಸಿಯಾಗಿರಲಿ. ಏಸಿ ಕೋಣೆಯಲ್ಲಿ ನರ ತಣ್ಣಗಾದರೂ ವೇಗ ಇಳಿಯುತ್ತದೆ, ಹಾನಿಯೆಂದು ಬರೆದುಬಿಡುತ್ತೀರಿ! ಒಂದು ತಿಂಗಳ ಹೊತ್ತಿಗೆ ನರತಂತುವನ್ನು ಸುತ್ತುವ ಶ್ವಾನ್ ಕೋಶಗಳು ಹೆಚ್ಚಿರುವುದನ್ನೂ ಅವು ಮಾಡುವ ಹೊದಿಕೆ ಮೈಲಿನ್ ತೆಳುವಾಗಿರುವುದನ್ನೂ ಹುಡುಕಿ. ಆಕ್ಸಾನ್ (ಹೊದಿಕೆಯೊಳಗಿನ ನರದ ಎಳೆ) ಸಾವು ಆಮೇಲಿನದು.

ಬದಿಯಡ್ಕ:
ಅಳೆದೆವು. ಒಳವ್ಯಾಸ 1 ಮಿ.ಮೀ., ಇಲಿ 400 ಗ್ರಾಂ!